ಹೆಗ್ಗಣಕ್ಕೆ ಹಿಂದಿಯಲ್ಲಿ ಏನಂತಾರೆ

ದಾವಣಗೆರೆ

ನಾನು ಪರದೇಶ ನೋಡಿದವಳಲ್ಲ. ಜೊತೆಯಲ್ಲಿ ಓದಿದವರು ಸಿಂಗಪುರ, ದುಬೈ ಎಂದು ತಿರುಗಿ ಬಂದು ಫೋಟೋ ತೋರಿಸಿದಾಗ "ಚೆನ್ನಾಗಿದೆ" ಎಂದು ಫೋನು ವಾಪಸು ಕೊಟ್ಟು ಸುಮ್ಮನಾಗುತ್ತೇನೆ. ನನ್ನ ಪಾಲಿಗೆ ಬಂದ ಪರದೇಶ ದೆಹಲಿ. ಪಾಸ್‌ಪೋರ್ಟ್ ಕೇಳಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ಪರದೇಶವೇ. ಭಾಷೆ ಟಿವಿ ನೋಡಿ ಕಲಿತ ಅರೆಬರೆ, ನೀರು ರುಚಿಸದು, ಬಿಸಿಲು ನಮ್ಮ ಬಿಸಿಲಲ್ಲ. ಕೆಂಪು ಕೋಟೆ, ಕುತುಬ್ ಮಿನಾರ್ ಯಾವುದನ್ನೂ ನಾನು ನೋಡಲಿಲ್ಲ. ಅವುಗಳ ವರ್ಣನೆ ಬೇಕಾದವರು ಇಲ್ಲಿಗೇ ಪುಟ ಮಗುಚಬಹುದು.

ನಾನು ಹೋದದ್ದು ಹನ್ನೆರಡು ಹೆಗ್ಗಣಗಳ ಜೊತೆ. ಇಡೀ ಹೆಗ್ಗಣಗಳೂ ಅಲ್ಲ, ಸತ್ತುಹೋದ ಹನ್ನೆರಡರ ಗುಲ್ಮದ ಚೂರುಗಳು. ಗುಲ್ಮ ಅಂದರೆ ಹೊಟ್ಟೆಯ ಎಡಗಡೆ ಅಡಗಿಕೊಂಡಿರುವ, ರೋಗ ಬಂದಾಗ ಮೈಗೆ ಕಾವಲು ಕಾಯುವ ಅಂಗ. ಒಂದೊಂದು ಚೂರು ಹುಣಸೆ ಬೀಜದಷ್ಟು. ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಅವನ್ನು ಹಾಕಿ, ಥರ್ಮೋಕೋಲ್ ಡಬ್ಬಿಯಲ್ಲಿ ಡ್ರೈ ಐಸ್, ಅಂದರೆ ನೀರಾಗದೆ ಗಾಳಿಯಾಗಿ ಹೋಗುವ ಇಂಗಾಲಾಮ್ಲದ ಗಡ್ಡೆ, ತುಂಬಿ, ಮೇಲೆ ಟೇಪು ಸುತ್ತಿ ಮಡಿಲಲ್ಲಿಟ್ಟುಕೊಂಡು ಹೊರಟೆ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ತಲೆಕೂದಲು ಬೆಳ್ಳಗಾಗತೊಡಗಿದ ಮೇಲೆ ಪಿಎಚ್.ಡಿ.ಗೆ ಸೇರುವ ಬುದ್ಧಿ ಬಂತು. ಹುಲಿ, ಆನೆ, ಹಕ್ಕಿ ಎಲ್ಲಕ್ಕೂ ಜನ ಇದ್ದರು. ನನಗೆ ಉಳಿದದ್ದು ಹೆಗ್ಗಣ. ಸ್ಟಾಫ್ ರೂಮಿನಲ್ಲಿ ನನಗೆ "ಹೆಗ್ಗಣದ ಮೇಡಂ" ಎಂದೇ ಹೆಸರು, ಊಟದ ಡಬ್ಬಿ ನನ್ನ ಪಕ್ಕ ಯಾರೂ ಬಿಚ್ಚುವುದಿಲ್ಲ. ಅಂದುಕೊಳ್ಳಲಿ ಬಿಡಿ.

ನಮ್ಮೂರಲ್ಲಿ ಮುಚ್ಚಿಹೋದ ಹತ್ತಿ ಗಿರಣಿಗಳಿಗೆ ಬರವಿಲ್ಲ. ಅಂಥ ಒಂದು ಗಿರಣಿಯ ಎತ್ತರದ ಕಲ್ಲಿನ ಗೋಡೆಯ ಒಳಗೆ ಹೆಗ್ಗಣಗಳ ಒಂದು ಕುಲವೇ ಇತ್ತು. ಸುತ್ತ ರಸ್ತೆ, ಕಾಂಕ್ರೀಟು. ಹೊರಗಿನ ಹೆಗ್ಗಣ ಒಳಗೆ ಬರುತ್ತಿರಲಿಲ್ಲ, ಒಳಗಿನದು ಹೊರಗೆ ಹೋಗುತ್ತಿರಲಿಲ್ಲ. ತಲೆಮಾರುಗಟ್ಟಲೆ ತಮ್ಮತಮ್ಮೊಳಗೇ ಸಂಬಂಧ ಬೆಳೆಸಿಕೊಂಡು ಬದುಕಿದ್ದವು. ಆಮೇಲೆ ಒಂದು ಮಳೆಗಾಲ ಯಾವುದೋ ಸೋಂಕು ಬಂತು. ಗೋಡೆಯ ಆಚೆ, ಧಾನ್ಯದ ಮಾರುಕಟ್ಟೆಯ ಹೆಗ್ಗಣಗಳಿಗೂ ಅದೇ ಸೋಂಕು ತಗಲಿತು. ಅಲ್ಲಿ ಕೆಲವು ಸತ್ತವು, ಬಹಳಷ್ಟು ಉಳಿದುಕೊಂಡವು. ಗಿರಣಿಯೊಳಗೆ ಒಂದೂ ಉಳಿಯಲಿಲ್ಲ.

ಯಾಕೆ ಅನ್ನುವುದೇ ನನ್ನ ಪ್ರಶ್ನೆ. ಮೈಯೊಳಗೆ ನುಗ್ಗಿದ ರೋಗಾಣುವಿನ ಚೂರನ್ನು ಹಿಡಿದು "ಇಗೋ ಇವನು ಹೊರಗಿನವನು" ಎಂದು ಕಾವಲಿನ ಕಣಗಳಿಗೆ ತೋರಿಸುವ ಕೈಗಳಿರುತ್ತವೆ. ಆ ಕೈಗಳನ್ನು ಮಾಡುವ ಜೀನುಗಳು ಒಂದೊಂದು ಪ್ರಾಣಿಯಲ್ಲಿ ಒಂದೊಂದು ಬಗೆ. ಒಬ್ಬನ ಕೈಗೆ ಸಿಗದ ರೋಗಾಣು ಇನ್ನೊಬ್ಬನ ಕೈಗೆ ಸಿಗುತ್ತದೆ, ಅದರಿಂದ ಕುಲ ಉಳಿಯುತ್ತದೆ. ಮಾರುಕಟ್ಟೆಯ ಹೆಗ್ಗಣಗಳ ಜೀನು ಮೊದಲೇ ಓದಿಸಿದ್ದೆ. ಒಂದರಂತೆ ಇನ್ನೊಂದಿರಲಿಲ್ಲ. ಗಿರಣಿಯವು ಎಲ್ಲಾ ಒಂದೇ ಅಚ್ಚಾಗಿದ್ದವೇ, ಇಲ್ಲಾ ಬಗೆಬಗೆಯ ಜೀನು ಇದ್ದೂ ಕೆಲಸ ಮಾಡದೆ ಹೋದವೇ ಎಂದು ತಿಳಿಯಬೇಕಿತ್ತು. ಕೆಲಸ ಮಾಡಿದವೋ ಇಲ್ಲವೋ ಗೊತ್ತಾಗಬೇಕಾದರೆ ಚೂರುಗಳನ್ನು ಹಸಿಯಾಗಿದ್ದಾಗಲೇ ಹೆಪ್ಪುಗಟ್ಟಿಸಿಡಬೇಕು. ಹಾಗೇ ಇಟ್ಟೆ. ಉಳಿದ ಮೈಯನ್ನೆಲ್ಲ ಸೋಂಕಿನ ಭಯಕ್ಕೆ ಸುಡಿಸಿದೆ. ಗಿರಣಿಯನ್ನು ಕೆಡವಿ ಈಗ ಸೈಟು ಮಾಡಿದ್ದಾರೆ. ಆ ಕುಲದ್ದು ಅಂತ ಲೋಕದಲ್ಲಿ ಉಳಿದಿದ್ದದ್ದು ನನ್ನ ಡಬ್ಬಿ ಮಾತ್ರ. ಜೊತೆಗೆ ಯೂನಿವರ್ಸಿಟಿಯವರು ಇನ್ನು ಅವಧಿ ವಿಸ್ತರಿಸುವುದಿಲ್ಲ, ಈ ಬೇಸಿಗೆಯೇ ಕೊನೆ ಎಂದು ಹೇಳಿಯಾಗಿತ್ತು.

ಫರೀದಾಬಾದಿನ ಒಂದು ಸಂಶೋಧನಾ ಸಂಸ್ಥೆಯ ರಿತು ಮೇಡಂ ಎನ್ನುವವರು ನನ್ನ ಪತ್ರಕ್ಕೆ ಉತ್ತರ ಬರೆದರು. ಅವರಲ್ಲಿ ಜೀನು ಓದುವ ಯಂತ್ರವಿತ್ತು. ಮುಖ ಪರಿಚಯವಿಲ್ಲದ ಹೆಂಗಸು ನನಗಾಗಿ ಯಂತ್ರ ಬಿಡುವು ಮಾಡಿಕೊಟ್ಟರು. ಪುಣ್ಯಾತ್ಗಿತ್ತಿ.

ನೋಯ್ಡಾ

ಇಳಿದುಕೊಂಡದ್ದು ದೊಡ್ಡಮ್ಮನ ಮಗಳು ವಸುಧಕ್ಕನ ಮನೆಯಲ್ಲಿ. ಭಾವ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಅಧಿಕಾರಿ, ನಿವೃತ್ತಿಗೆ ಹತ್ತಿರ ಬಂದವರು. ಮಗಳು ಅನು ಅಲ್ಲಿಯೇ ಹುಟ್ಟಿ ಬೆಳೆದವಳು, ಕಾಲೇಜು ಓದುತ್ತಾಳೆ. ಅವರದು ಹದಿನಾಲ್ಕನೆಯ ಮಹಡಿ. ನಮ್ಮೂರಲ್ಲಿ ನೆಂಟರು ಬಂದರೆ ಬೀದಿಯೇ ಬಾಗಿಲಿಗೆ ಬಂದು "ಯಾರು ಬಂದೋರು?" ಎಂದು ಕೇಳುತ್ತದೆ. ಇಲ್ಲಿ ಗೇಟಿನ ಕಾವಲುಗಾರನೊಬ್ಬ ಕೇಳಿದ, ಆಮೇಲೆ ಯಾರೂ ಕೇಳಲಿಲ್ಲ. ಎದುರು ಬಾಗಿಲಿನವರ ಹೆಸರು ಅಕ್ಕನಿಗೇ ಗೊತ್ತಿಲ್ಲ.

ಮೇ ತಿಂಗಳ ಬಿಸಿಲು. ನಮ್ಮೂರ ಬಿಸಿಲಿಗೆ ಬೆವರಾದರೂ ಬರುತ್ತದೆ. ಅಲ್ಲಿ ಒಣಗಾಳಿ ಬೆವರನ್ನೂ ಬಿಡದೆ ನೆಕ್ಕಿಬಿಡುತ್ತದೆ, ತುಟಿ ಒಡೆದು ಮಾತಾಡಲೂ ಬೇಸರ. ಅಕ್ಕ ತನ್ನ ಎಸಿ ಕೋಣೆಯನ್ನು ನನ್ನ ಡಬ್ಬಿಗೆ ಬಿಟ್ಟುಕೊಟ್ಟಳು. ಡ್ರೈ ಐಸಿನ ಗಾಳಿ ಮುಚ್ಚಿದ ಕೋಣೆಯಲ್ಲಿ ಮನುಷ್ಯರಿಗೆ ಒಳ್ಳೆಯದಲ್ಲ ಅಂತ ನಾವೆಲ್ಲ ನಡುಮನೆಯಲ್ಲಿ ಕೂಲರಿನ ಮುಂದೆ ಮಲಗಿದೆವು. 

"ಹೆಗ್ಗಣಕ್ಕೆ ಎಸಿ, ಅಧಿಕಾರಿಗೆ ಕೂಲರ್" ಎಂದು ಭಾವ ನಕ್ಕರು. ನಗು ಅರ್ಧ ನಿಜ, ಅರ್ಧ ಸಿಟ್ಟು. ನಾನು ತಂದ ಮಂಡಕ್ಕಿ ಮಾತ್ರ ಆ ಒಣ ಹವೆಗೆ ನಮ್ಮೂರಿಗಿಂತ ಗರಿಗರಿಯಾಗಿತ್ತು. ಅಕ್ಕ ಬಟ್ಟಲು ಹಿಡಿದುಕೊಂಡು ಕೊನೆಯ ಕಾಳಿನವರೆಗೂ ತಿಂದಳು.

"ಚಿಕ್ಕಮ್ಮ, ಹೆಗ್ಗಣ ಅಂದ್ರೆ ಎಕ್ಸಾಕ್ಟ್ಲೀ ಏನು? ಚೂಹಾನಾ?" ಎಂದು ಅನು ಕೇಳಿದಳು.

"ಚೂಹಾ ಅಂದ್ರೆ ಇಲಿ ಕಣೇ. ಇದು ದೊಡ್ಡದು. ಬಿಲ ತೋಡುತ್ತೆ, ಗುರ್ ಅನ್ನುತ್ತೆ, ಮೂತಿ ಮೊಂಡು."

"ಅಚ್ಛಾ, ಘೂಸ್. ನಮ್ಮ ಬೇಸ್‌ಮೆಂಟ್‌ನಲ್ಲಿ ತುಂಬಾ ಇದಾವೆ. ಪಾರ್ಕಿಂಗ್‌ನಲ್ಲಿ ವೈರ್ ಎಲ್ಲಾ ಕಾಟ್ ದೇತೇ ಹೈಂ, ಕಡಿದು ಹಾಕ್ತಾವೆ. ಸೊಸೈಟಿ ಗ್ರೂಪ್‌ನಲ್ಲಿ ದಿನಾ ಅದೇ ಝಗಡಾ."

ಘೂಸ್. ಹೊಸ ಪದ ಸಿಕ್ಕಿತು. ಪರಊರಿಗೆ ಹೋದವರಿಗೆ ಒಂದು ಪದ ಕೈಗೆ ಸಿಕ್ಕರೆ ಸಾಕು, ಅದನ್ನು ಎಲ್ಲಾದರೂ ಬಳಸುವ ತನಕ ಸಮಾಧಾನವಿರುವುದಿಲ್ಲ. ನಾನು ಬಾಯಲ್ಲಿ ನಾಲ್ಕು ಸಲ ಹೇಳಿಕೊಂಡೆ. ಅನು "ಘ, ಘ, ಹೊಟ್ಟೆಯಿಂದ ಹೇಳಿ" ಎಂದು ತಿದ್ದಿದಳು. ಭಾವ ಆಗ ಸ್ನಾನಕ್ಕೆ ಹೋಗಿದ್ದರು. ಇಲ್ಲದಿದ್ದರೆ ಈ ಕಥೆ ಹೀಗೆ ಆಗುತ್ತಿರಲಿಲ್ಲ.

ಫರೀದಾಬಾದ್, ಗೇಟಿನ ಹೊರಗೆ

ಶನಿವಾರ ಬೆಳಿಗ್ಗೆ ಕ್ಯಾಬಿನಲ್ಲಿ ಹೊರಟೆ. ಡ್ರೈ ಐಸ್ ಆ ಸಂಜೆಯವರೆಗೆ ತಡೆಯುತ್ತದೆ ಎಂದು ಅಂದಾಜು. ಯಮುನೆ ದಾಟುವಾಗ ನೀರಿನ ಮೇಲೆ ಬಿಳಿ ನೊರೆ ತೇಲುತ್ತಿತ್ತು. ನಾನು ಮೋಡದ ಪ್ರತಿಬಿಂಬವೋ ಎಂದುಕೊಂಡೆ. ಚಾಲಕ "ಕೆಮಿಕಲ್, ಆಂಟಿ" ಎಂದ. ಫರೀದಾಬಾದಿನಲ್ಲಿ ಕಾರ್ಖಾನೆಗಳ ಸಾಲು, ಧೂಳು ಹಿಡಿದ ಬೇವಿನ ಮರಗಳು, ಲೇತ್ ಮಿಷನ್ನಿನ ಸದ್ದು. ನಮ್ಮ ಗಿರಣಿ ಬೀದಿಗಳು ಚಾಲೂ ಇದ್ದಾಗ ಹೀಗೇ ಇದ್ದಿರಬೇಕು.

ಸಂಸ್ಥೆಯ ಗೇಟಿನಲ್ಲಿ ತಗಡಿನ ಮಾಡಿನ ಒಂದು ಕಾವಲು ಕೋಣೆ. ಅದರ ಮುಖ್ಯಸ್ಥ ಸತ್‌ಬೀರ್ ಎನ್ನುವವರು, ನರೆತ ಮೀಸೆಯ ಹರಿಯಾಣದ ಮನುಷ್ಯ. ಕುರ್ಚಿಯಿಂದ ಎದ್ದು ನಿಂತು ಮಾತಾಡಿಸಿದರು. ನೀರು ಕೊಟ್ಟರು. ರಿತು ಮೇಡಂಗೆ ಫೋನು ಮಾಡಿದರೆ ಎತ್ತಲಿಲ್ಲ. ಪ್ರಯೋಗಶಾಲೆಯ ಒಳಗೆ ಫೋನು ಒಯ್ಯುವಂತಿಲ್ಲ ಎಂದು ಆಮೇಲೆ ತಿಳಿಯಿತು.

"ಡಿಬ್ಬೇ ಮೇಂ ಕ್ಯಾ ಹೈ, ಮೇಡಂ?" ಡಬ್ಬಿಯಲ್ಲೇನಿದೆ ಎಂದು ಕೇಳಿದರು.

"ಸ್ಯಾಂಪಲ್."

"ಕಿಸ್ ಚೀಜ್ ಕಾ ಸ್ಯಾಂಪಲ್?" ಯಾವುದರದು ಎಂದರು.

ನನಗೆ ಖುಷಿಯಾಯಿತು. ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಹೊಟ್ಟೆಯಿಂದ ಉಸಿರು ತೆಗೆದು ಹೇಳಿದೆ, "ಘೂಸ್ ಹೈ, ಭಯ್ಯಾ."

ಅವರು ನನ್ನ ಮುಖ ನೋಡಿದರು. "ಕ್ಯಾ ಹೈ?"

ಉಚ್ಚಾರ ಸರಿಯಾಗಲಿಲ್ಲವೆಂದು ಇನ್ನೂ ಬಿಡಿಸಿ ಹೇಳಿದೆ. "ಘೂಸ್. ರಿತು ಮೇಡಂ ಕೇ ಲಿಯೇ. ಉನ್ಹೋಂನೇ ಮಂಗವಾಯಾ ಹೈ." ರಿತು ಮೇಡಮ್ಮೇ ತರಿಸಿಕೊಂಡಿದ್ದಾರೆ ಎಂದರ್ಥ.

"ಕಿತ್ನಾ ಹೈ?" ಎಷ್ಟಿದೆ ಎಂದರು.

"ಬಾರಹ್." ಹನ್ನೆರಡು ಎಂದೆ.

"ಬಾರಹ್ ಹಜಾರ್?" ಹನ್ನೆರಡು ಸಾವಿರವೇ ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. "ಹಜಾರ್ ಕಹಾಂ ಸೇ ಲಾವೂಂ? ಸಿರ್ಫ್ ಬಾರಹ್. ವೋ ಭೀ ಪೂರಾ ನಹೀಂ. ಟುಕ್ಡೇ ಟುಕ್ಡೇ ಮೇಂ." ಸಾವಿರ ಎಲ್ಲಿಂದ ತರಲಿ, ಬರೀ ಹನ್ನೆರಡು, ಅದೂ ಪೂರ್ತಿಯಲ್ಲ, ಚೂರುಚೂರು ಎಂದೆ.

"ಔರ್ ಬಾಕೀ?"

"ಬಾಕೀ ಜಲಾ ದಿಯಾ." ಉಳಿದದ್ದನ್ನು ಸುಟ್ಟುಬಿಟ್ಟೆ ಎಂದೆ.

ಸತ್‌ಬೀರ್ ಮೆಲ್ಲಗೆ ಕುಳಿತರು. ನನ್ನ ಕೆಲಸವೇನೆಂದು ಕೇಳಿದರು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದೆ. ಇದೆಲ್ಲ ಯಾತಕ್ಕೆ ಎಂದು ಕೇಳಿದರು. "ಪಿಎಚ್.ಡಿ. ಕೇ ಲಿಯೇ" ಎಂದೆ. ಪುರಾವೆಗೆ ಇರಲಿ ಎಂದು ರಿತು ಮೇಡಂ ಬರೆದಿದ್ದ ಸಂದೇಶವನ್ನು ಫೋನಿನಲ್ಲಿ ತೋರಿಸಿದೆ. ಹನ್ನೆರಡನ್ನೂ ತನ್ನಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದು ಅದರಲ್ಲಿತ್ತು. ಅವರು ಬೆರಳಿಟ್ಟು ನಿಧಾನವಾಗಿ ಓದಿದರು.

"ಮೇರೀ ಬೇಟೀ ಭೀ ಪಢ್ ರಹೀ ಹೈ, ಮೇಡಂ" ಎಂದರು. ನನ್ನ ಮಗಳೂ ಓದುತ್ತಿದ್ದಾಳೆ. ಆ ಮಾತಿನಲ್ಲಿ ಸಿಟ್ಟಿತ್ತು. ನನಗೆ ಆಗ ಅರ್ಥವಾಗಲಿಲ್ಲ. "ಬಹುತ್ ಅಚ್ಛಾ" ಎಂದು ತಲೆಯಾಡಿಸಿದೆ. ಅವರು ಡಬ್ಬಿಯನ್ನೆತ್ತಿ ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಫೋನು ಹಿಡಿದು ಹೊರಗೆ ಹೋದರು.

ಗೇಟಿನ ಹೊರಗೇ

ರಿತು ಮೇಡಂ ಬಂದಾಗ ನಾನು ಬೇವಿನ ಮರದ ಕೆಳಗಿದ್ದೆ. ನಲವತ್ತರ ಆಸುಪಾಸಿನ, ಚುರುಕು ನಡಿಗೆಯ ಹೆಂಗಸು. ಸತ್‌ಬೀರ್ ಅವರಿಗೆ ನಡೆದದ್ದನ್ನು ಹೇಳಿದರು. ಮೇಡಂ ಮೊದಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಘೂಸ್ ಅಂದರೆ ಹೆಗ್ಗಣ, ನಿಜ. ಘೂಸ್ ಅಂದರೆ ಲಂಚ ಕೂಡ. ಗೇಟಿನಲ್ಲಿ ನಿಂತು ಮೇಡಂಗೆ ಘೂಸ್ ತಂದಿದ್ದೇನೆ, ಅವರೇ ತರಿಸಿದ್ದು, ಕಂತುಕಂತಾಗಿ ಹನ್ನೆರಡು, ಪಿಎಚ್.ಡಿ. ಆಗಬೇಕು ಎಂದರೆ ಯಾರಿಗೆ ಹೆಗ್ಗಣ ನೆನಪಾಗುತ್ತದೆ?

ನನಗೂ ನಗು ಬಂತು. ಲಂಚಕ್ಕೆ ರಿಶ್ವತ್ ಎನ್ನುತ್ತಾರೆಂದು ಟಿವಿ ನೋಡಿ ಗೊತ್ತಿತ್ತು, ಇನ್ನೊಂದು ಹೆಸರೂ ಇದೆಯೆಂದು ಯಾರಿಗೆ ಗೊತ್ತು? ಸತ್‌ಬೀರ್ ಮಾತ್ರ ನಗಲಿಲ್ಲ. ಅವರಾಗಲೇ ವಿಜಿಲೆನ್ಸಿನವರಿಗೆ, ಅಂದರೆ ಲಂಚದ ವಿಚಾರಣೆ ಮಾಡುವ ಅಧಿಕಾರಿಗೆ, ಫೋನು ಮಾಡಿಯಾಗಿತ್ತು. ಅಧಿಕಾರಿ ಬರುವುದು ಸೋಮವಾರ. ಅಲ್ಲಿಯವರೆಗೆ ಡಬ್ಬಿ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು.

ರಿತು ಮೇಡಂ ನಗು ನಿಲ್ಲಿಸಿ, ತೆರೆದೇ ನೋಡಿಬಿಡಿ ಎಂದರು. "ಖೋಲ್ ಕೇ ದೇಖ್ ಲೀಜಿಯೇ ನಾ, ಸತ್‌ಬೀರ್‌ಜೀ."

"ಈಗ ನಾನು ತೆರೆದು ಒಳಗೆ ದುಡ್ಡು ಸಿಗದಿದ್ದರೆ, ಸತ್‌ಬೀರ್ ತಿಂದ ಅನ್ನುತ್ತಾರೆ ಮೇಡಂ" ಎಂದು ಅವರು ಹಿಂದಿಯಲ್ಲಿ ಹೇಳಿದರು. "ಸಿಕ್ಕರೆ, ಸತ್‌ಬೀರೇ ಇಟ್ಟ ಅನ್ನುತ್ತಾರೆ. ಸಾಹೇಬರ ಎದುರಿಗೇ ತೆರೆಯಬೇಕು."

ತಪ್ಪು ಹೇಳುವಂತಿರಲಿಲ್ಲ. ಹಾಗಾದರೆ ನಾನೇ ಸಹಿ ಮಾಡಿ ಡಬ್ಬಿ ತೆಗೆದುಕೊಳ್ಳುತ್ತೇನೆ ಎಂದು ಹೊರಟ ರಿತು ಮೇಡಂ ಅರ್ಧಕ್ಕೇ ನಿಂತರು. ದೂರಿನಲ್ಲಿ ಅವರದೇ ಹೆಸರಿತ್ತು. ಅವರು ಸಹಿ ಮಾಡಿದರೆ ಲಂಚವನ್ನು ಕೈಯಾರೆ ತೆಗೆದುಕೊಂಡಂತೆ. ನನ್ನ ಕಡೆ ತಿರುಗಿ, "ಸಾರಿ, ಪದ್ಮಿನಿ. ನಾನು ಅದನ್ನು ಮುಟ್ಟಲಾರೆ" ಎಂದರು.

ನಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ಪಾಠ ಇದು. ಕಾವಲಿನ ಕಣ ಒಮ್ಮೆ ಒಂದನ್ನು ಶತ್ರು ಎಂದು ಗುರುತಿಸಿಬಿಟ್ಟರೆ ಆಮೇಲೆ ಅದು ನಮ್ಮದೇ ಮೈಯ ಅಂಗವಾಗಿದ್ದರೂ ಬಿಡುವುದಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಎಷ್ಟು ಸಲೀಸಾಗಿತ್ತು.

ಐಸಾದರೂ ತುಂಬಿಸಲು ಬಿಡಿ ಎಂದು ಬೇಡಿಕೊಂಡೆ. ಐಸ್ ಹಾಕಬೇಕಾದರೆ ತೆರೆಯಬೇಕು, ತೆರೆಯುವಂತಿಲ್ಲ. ಬೀರುವನ್ನಾದರೂ ಎಸಿ ಇರುವ ಕಡೆ ಇಡಿ ಎಂದೆ. ಆ ಬೀರು ಗೋಡೆಗೆ ಜಡಿದದ್ದು. ಮಧ್ಯಾಹ್ನವಾಗುತ್ತ ತಗಡಿನ ಮಾಡು ಕಾದು ಟಿಕ್ ಟಿಕ್ ಎನ್ನತೊಡಗಿತು. ರಿತು ಮೇಡಂ ಯಾರ್ಯಾರಿಗೋ ಫೋನು ಮಾಡಲು ಒಳಗೆ ಹೋದರು.

ಆಗ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮೈ ಕುಗ್ಗುತ್ತದೆ. ಪರ್ಸಿನಿಂದ ನೋಟು ತೆಗೆದು, ಮಡಚಿ, ಸತ್‌ಬೀರರ ಮೇಜಿನ ಮೇಲೆ ನೀರಿನ ಲೋಟದ ಕೆಳಗೆ ಇಟ್ಟೆ. ನಮ್ಮೂರ ಕಚೇರಿಗಳಲ್ಲಿ ಜನ ಇಡುವುದನ್ನು ನೋಡಿ ಬೈದುಕೊಂಡವಳು ನಾನು. ಸತ್‌ಬೀರ್ ಆ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು. ನೋಟನ್ನು ಮುಟ್ಟಲಿಲ್ಲ.

"ಉಠಾ ಲೀಜಿಯೇ, ಮೇಡಂ" ಎಂದರು. ದನಿ ಏರಲಿಲ್ಲ. "ಥೋಡಾ ಶಕ್ ಥಾ. ಅಬ್ ವೋ ಭೀ ನಹೀಂ ರಹಾ."

ಇಷ್ಟು ಹೊತ್ತು ಅವರಿಗೆ ಒಂದಿಷ್ಟು ಅನುಮಾನವಿತ್ತು, ಈ ಹೆಂಗಸು ನಿಜ ಹೇಳುತ್ತಿರಬಹುದೇನೋ ಎಂದು. ಅದನ್ನೂ ನನ್ನ ಕೈಯಾರೆ ತೊಳೆದುಹಾಕಿದೆ. ನೋಟು ಎತ್ತಿಕೊಂಡು ಹೊರಗೆ ಬಂದೆ.

ಭಾವನಿಗೆ ಫೋನು ಮಾಡಿದೆ. ಸರ್ಕಾರದ ಒಳಹೊರಗು ಬಲ್ಲವರು, ಒಂದು ಮಾತು ಹೇಳಿಸಿದರೆ ಸಾಕೆಂದು ಆಸೆ. ಅವರು ಎಲ್ಲ ಕೇಳಿಸಿಕೊಂಡರು.

"ಪದ್ಮಿನಿ, ಇದು ವಿಜಿಲೆನ್ಸ್ ಮ್ಯಾಟರ್. ಫೋನಿನಲ್ಲಿ ಏನೂ ಮಾತಾಡಬೇಡ."

"ಭಾವ, ಅದು ಹೆಗ್ಗಣ. ನಿಮ್ಮ ಮನೇಲೇ ಇತ್ತಲ್ಲ."

"ಹಾಗೆ ಎಲ್ಲೂ ಹೇಳಬೇಡಮ್ಮ. ನನ್ನ ಹೆಸರು ಅಲ್ಲಿ ಹೇಳಿಲ್ಲ ತಾನೇ?"

ಇಲ್ಲ ಎಂದೆ. ಫೋನು ಇಟ್ಟರು. ಸಂಜೆಯವರೆಗೆ ಗೇಟಿನ ಹತ್ತಿರವೇ ಇದ್ದೆ. ಐಸು ಮುಗಿಯುವ ಹೊತ್ತು ಅಂದಾಜಿನಲ್ಲೇ ಬಂತು, ಹೋಯಿತು. ಹೊರಗಿನಿಂದ ನೋಡಿದರೆ ಅದೇ ಬೀರು, ಅದೇ ಬೀಗ.

ಮತ್ತೆ ನೋಯ್ಡಾ

ಭಾನುವಾರ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಭಾವ ತಟ್ಟೆ ಹಿಡಿದುಕೊಂಡು ಪೇಪರಿನ ಜೊತೆ ಬಾಲ್ಕನಿಗೆ ಹೋದರು. ಆ ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ಕೂತು ಉಣ್ಣುವವರುಂಟೇ? ನನ್ನ ಮುಖ ನೋಡಬಾರದೆಂದು ಕೂತರು. ನನಗೆ ಅವರ ಮೇಲೆ ಸಿಟ್ಟು ಬಂತು. ಇಡೀ ಜನ್ಮ ಒಂದು ಮಚ್ಚೆಯಿಲ್ಲದೆ ನೌಕರಿ ಮಾಡಿದವರು, ಕೊನೆಯಲ್ಲಿ ನಾದಿನಿಯ ಹೆಗ್ಗಣದಿಂದ ಮಸಿ ಹತ್ತೀತೆಂದು ಹೆದರಿದ್ದರು. ಅದು ಅರ್ಥವಾಗುತ್ತಿತ್ತು, ಅರ್ಥವಾದರೂ ಸಿಟ್ಟು ಇಳಿಯಲಿಲ್ಲ.

"ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?" ಎಂದು ಅಕ್ಕ ಒಳಗಿಂದಲೇ ಕೇಳಿದಳು.

"ಒಂದು ಫೋನಿಂದಲೇ ಇಷ್ಟೆಲ್ಲ ಆಗಿದ್ದು, ವಸುಧಾ" ಎಂದರು ಭಾವ.

ಅನು ನನ್ನ ಪಕ್ಕ ಬಂದು ಕೂತಳು. ಬೆಳಿಗ್ಗೆಯಿಂದ ಅತ್ತು ಕಣ್ಣು ಊದಿತ್ತು. "ಚಿಕ್ಕಮ್ಮ, ಸಾರಿ. ಮುಝೇ ಖಯಾಲ್ ಹೀ ನಹೀಂ ಆಯಾ, ನನಗೆ ಹೊಳೀಲೇ ಇಲ್ಲ. ನಾವು ಫ್ರೆಂಡ್ಸ್ ಎಲ್ಲಾ ರಿಶ್ವತ್ ಅಂತೀವಿ. ಘೂಸ್ ಅಂತ ನ್ಯೂಸ್‌ನಲ್ಲಿ ಮಾತ್ರ ಬರುತ್ತೆ."

"ಹೇಳಿಕೊಡೋಕೆ ಮುಂಚೆ ಯೋಚನೆ ಮಾಡಬೇಕಿತ್ತು" ಎಂದೆ. ಹಾಗೆನ್ನಬಾರದಿತ್ತು. ಕೇಳಿದ್ದು ನಾನು, ಮೆರೆದದ್ದು ನಾನು. ಅವಳು ಎದ್ದು ಕೋಣೆಗೆ ಹೋದಳು. ಡಬ್ಬಿಯಿದ್ದ ಅದೇ ಎಸಿ ಕೋಣೆ. ಆ ದಿನ ನಮಗೆಲ್ಲ ಅಲ್ಲಿ ಮಲಗಲು ಜಾಗವಿತ್ತು, ಯಾರೂ ಹೋಗಲಿಲ್ಲ, ಅನು ಒಬ್ಬಳೇ ಬಾಗಿಲು ಹಾಕಿಕೊಂಡಳು.

ನಾನು ಸೋಫಾದ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಐಸು ಹೋದ ಮೇಲೆ ಥರ್ಮೋಕೋಲ್ ಎಷ್ಟು ತಡೆಯುತ್ತದೆ? ನಡುವಿನ ಕೊಳವೆಗಳಾದರೂ ತಂಪಾಗಿರಬಹುದೇ? ಒಂದಾದರೂ? ಪಾಠ ಹೇಳುವವಳಿಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಮತ್ತೆ ಮತ್ತೆ ಹಾಕಿದೆ.

ಸೋಮವಾರ

ವಿಚಾರಣೆಯ ಅಧಿಕಾರಿ ಸಭ್ಯ ಮನುಷ್ಯ. ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದರು. ಎಷ್ಟೇ ಸೆಕೆಯಿರಲಿ, ಎಂಥ ಆಪತ್ತೇ ಇರಲಿ, ಆ ಕಡೆಯವರು ಮೊದಲು ಕುದಿಯುವ ಚಹಾ ಕುಡಿಸುತ್ತಾರೆ. ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ರಿತು ಮೇಡಂ ದೂರ ನಿಂತಿದ್ದರು. ಸತ್‌ಬೀರ್ ಬೀಗ ತೆಗೆದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟೇಪು ಕತ್ತರಿಸಿದರು.

ಮುಚ್ಚಳ ಎತ್ತುವ ಮೊದಲೇ ನನಗೆ ವಾಸನೆ ಬಂತು. ಕೊಳವೆಗಳು ಉಬ್ಬಿ ಒಂದೆರಡರ ಮುಚ್ಚಳ ಹಾರಿತ್ತು. ಡಬ್ಬಿಯ ತಳದಲ್ಲಿ ಕಂದು ನೀರು. ಅಧಿಕಾರಿ ಕರ್ಚೀಫು ಮೂಗಿಗೆ ಹಿಡಿದು ಬಗ್ಗಿ ನೋಡಿದರು. "ಯೇ ತೋ ಸಚ್‌ಮುಚ್ ಘೂಸ್ ಹೈ" ಎಂದರು, ಇದು ನಿಜವಾಗಿಯೂ ಹೆಗ್ಗಣವೇ ಎಂದು. ವಿಡಿಯೋ ಮಾಡುತ್ತಿದ್ದವನು ನಕ್ಕ. ಅಧಿಕಾರಿ ಅವನನ್ನು ಕಣ್ಣಲ್ಲೇ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು.

"ಇವುಗಳಲ್ಲಿ ಅಂಥದ್ದೇನಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

ಹೇಳಿದೆ. ಗೋಡೆಯೊಳಗೆ ಇದ್ದವು, ಒಂದು ಜ್ವರಕ್ಕೆ ಎಲ್ಲವೂ ಹೋದವು, ಯಾಕೆಂದು ಇವುಗಳನ್ನು ಕೇಳಬೇಕಿತ್ತು, ಇವು ಬಿಟ್ಟರೆ ಬೇರೆ ಇಲ್ಲ. ಹೆಗ್ಗಣಕ್ಕಾಗಿ ಅಪರಿಚಿತರ ಎದುರು ಅತ್ತೆ. ಅಧಿಕಾರಿ ಕರ್ಚೀಫು ಕೆಳಗಿಳಿಸಿದರು. ಸತ್‌ಬೀರ್ ಏನು ಮಾತಾಡುತ್ತಿದ್ದೇವೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಇಂಗ್ಲಿಷು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಯಾರೂ ಬಿಡಿಸಿ ಹೇಳಲೂ ಇಲ್ಲ.

ಈಗ ರಿತು ಮೇಡಂ ಡಬ್ಬಿಯನ್ನು ಮುಟ್ಟಬಹುದಾಗಿತ್ತು. ಕೈಗೆ ಗವಸು ಹಾಕಿಕೊಂಡು, ಕೊಳವೆಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿ ಜೋಡಿಸಿದರು. ಹಸುಗೂಸನ್ನು ಎತ್ತುವಷ್ಟು ಜೋಪಾನ. "ನೋಡೋಣ. ಕೆಲವೊಮ್ಮೆ ಏನಾದರೂ ಉಳಿದಿರುತ್ತೆ" ಎಂದರು. ಅವರಿಗೂ ಉತ್ತರ ಗೊತ್ತಿತ್ತು ಎಂದು ನನಗೆ ಗೊತ್ತಾಯಿತು.

ಗೇಟಿನ ಒಳಗೆ

ಎರಡು ದಿನ ಅವರ ಪ್ರಯೋಗಶಾಲೆಯಲ್ಲಿ ಒಂದು ಎತ್ತರದ ಸ್ಟೂಲಿನ ಮೇಲೆ ಕೂತಿದ್ದೆ. ಅಲ್ಲಿನ ಹುಡುಗಿಯರು ಮಧ್ಯಾಹ್ನ ಪರಾಠ, ಉಪ್ಪಿನಕಾಯಿ ಬಿಚ್ಚಿ ನನ್ನನ್ನೂ ಕರೆದರು. ಹೆಗ್ಗಣದವಳ ಪಕ್ಕ ಒತ್ತಿಕೊಂಡು ಕೂತು ತಿಂದರು. ನಮ್ಮ ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷಗಳಲ್ಲಿ ಆಗದ್ದು ಅಲ್ಲಿ ಆಯ್ತು, ಆದರೆ ನನಗೆ ತುತ್ತು ಇಳಿಯಲಿಲ್ಲ.

ಜೀನು ಗಟ್ಟಿಯಾಗಿ ಉಳಿದಿದ್ದರೆ ಅಗರ್ ಎನ್ನುವ ಲೋಳೆಯಂಥ ಬಿಲ್ಲೆಯ ಮೇಲೆ ಬೆಳಕಿನ ಗೆರೆ ಮೂಡುತ್ತದೆ. ಮುರಿದು ಪುಡಿಯಾಗಿದ್ದರೆ ಗೆರೆಯಿಲ್ಲ, ಒರೆಸಿದ ಹಾಗೆ ಮಬ್ಬು. ರಿತು ಮೇಡಂ ಕತ್ತಲೆ ಕೋಣೆಯಲ್ಲಿ ಬಿಲ್ಲೆಯನ್ನು ದೀಪದ ಮೇಲಿಟ್ಟರು. ಹನ್ನೆರಡು ಕಡೆ ಮಬ್ಬು. ಮತ್ತೊಮ್ಮೆ ಮಾಡಿದರು. ಬೇರೆ ದ್ರವ ಹಾಕಿ ಮಗದೊಮ್ಮೆ ಮಾಡಿದರು. ಒಂದೇ ಒಂದರಲ್ಲಿ ಗೆರೆ ಬಂತು. ನಾನು ಸ್ಟೂಲಿನಿಂದ ಇಳಿದು ನಿಂತೆ. ಓದಿಸಿ ನೋಡಿದರೆ ಅದು ಹೆಗ್ಗಣದ್ದಲ್ಲ, ಮಾಂಸ ಕೊಳೆಸಿದ ಬ್ಯಾಕ್ಟೀರಿಯಾದ್ದು.

"ನಿಮ್ಮ ಮಾರುಕಟ್ಟೆಯ ಹೆಗ್ಗಣಗಳ ಫಲಿತಾಂಶ ಇದೆಯಲ್ಲ. ಅದನ್ನಷ್ಟೇ ಬರೆಯಬಹುದು" ಎಂದರು ಮೇಡಂ.

"ಬದುಕಿದ್ದು ಯಾಕೆ ಅಂತ ಬರೆಯಬಹುದು" ಎಂದೆ. "ಸತ್ತದ್ದು ಯಾಕೆ ಅಂತ ಅಲ್ಲವೇ ನಾನು ಕೇಳಿದ್ದು."

ಅವರು ದೀಪ ಆರಿಸಿ ನನ್ನ ಭುಜದ ಮೇಲೆ ಕೈಯಿಟ್ಟರು. ಒಂದು ಕುಲ ಭೂಮಿಯ ಮೇಲಿಂದ ಹೋಯಿತು, ಯಾಕೆ ಹೋಯಿತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ನನ್ನ ಪಿಎಚ್.ಡಿ. ಹೋದದ್ದಕ್ಕಿಂತ ಅದೇ ಹೆಚ್ಚು ಕುಟುಕಿತು. ಪಿಎಚ್.ಡಿ. ಇಲ್ಲದೆ ಎಷ್ಟೋ ಜನ ರಿಟೈರಾಗುತ್ತಾರೆ.

ಹೊರಡುವ ದಿನ

ಖಾಲಿ ಡಬ್ಬಿಯನ್ನು ತೊಳೆದುಕೊಟ್ಟರು. ಬೇಡವೆನ್ನಲು ಮನಸ್ಸಾಗದೆ ಹಿಡಿದುಕೊಂಡು ಗೇಟಿಗೆ ಬಂದೆ. ಕ್ಯಾಬು ಇನ್ನೂ ಬಂದಿರಲಿಲ್ಲ. ಸತ್‌ಬೀರ್ ನನ್ನನ್ನು ಕಂಡು ಕಾವಲು ಕೋಣೆಯಿಂದ ಬೇಗಬೇಗ ಹೊರಬಂದರು. ನಾನು ಮುಖ ತಪ್ಪಿಸಿದೆ. ಆ ನೋಟಿನ ನಾಚಿಕೆ ಇನ್ನೂ ಹೋಗಿರಲಿಲ್ಲ.

ಅವರ ಮುಖದಲ್ಲಿ ಮಾತ್ರ ನಗುವಿತ್ತು. ನಿರಾಳವಾದ, ಒಳ್ಳೆಯ ಮನುಷ್ಯನ ನಗು. ನನ್ನ ಮೇಲಿನ ಅನುಮಾನ ಸುಳ್ಳಾಯಿತೆಂದು ಅವರಿಗೆ ಮನಸಾರೆ ಸಂತೋಷವಾಗಿತ್ತು. ಅದನ್ನು ನನಗೆ ಹೇಳಲೆಂದೇ ಕಾದಿದ್ದರು. ಕೈ ಮುಗಿದು ಹೇಳಿದರು.

"ಮುಬಾರಕ್ ಹೋ, ಮೇಡಂ. ರಿಪೋರ್ಟ್ ಆ ಗಯೀ. ಡಿಬ್ಬೇ ಮೇಂ ಕುಛ್ ನಹೀಂ ಥಾ."

ವಿಜಿಲೆನ್ಸಿನ ವರದಿ ಬಂದಿತ್ತು. ಡಬ್ಬಿಯಲ್ಲಿ ಏನೂ ಇರಲಿಲ್ಲ.

"ಜೀ, ಭಯ್ಯಾ" ಎಂದೆ. "ಕುಛ್ ನಹೀಂ ಥಾ."

ಆ ಊರಿನಲ್ಲಿ ನಾನು ತಪ್ಪಿಲ್ಲದೆ ಆಡಿದ ಹಿಂದಿ ಅದೊಂದೇ.